ಗಗನಿಗೆ ತೂಕ ಬಂದ ವರ್ಷ

ಗಗನಿ ಬಿದ್ದಳು.

ಇಪ್ಪತ್ತೇಳು ವರ್ಷಗಳಲ್ಲಿ ಅವಳು ಒಮ್ಮೆಯೂ ಬಿದ್ದವಳಲ್ಲ. ಮೋಡದಿಂದ ಮೋಡಕ್ಕೆ ಹಾರಿದ್ದಳು, ಬುರುಜಿನ ತುದಿಯಿಂದ ಧುಮುಕಿ ಹೆಬ್ಬೆರಳ ಮೇಲೆ ನಿಂತಿದ್ದಳು, ತನಗಿಂತ ಉದ್ದದ ಕತ್ತಿಯನ್ನು ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸುತ್ತ ರಕ್ಕಸರ ದಂಡನ್ನು ಸೀಳಿಕೊಂಡು ಹೋಗಿದ್ದಳು. ಆ ದಿನ ಮಾತ್ರ ಹುಬ್ಬಳ್ಳಿಯ ಉಣಕಲ್ ಕೆರೆಯ ಪಕ್ಕದ ಚಾಮರ ಕಾರ್ಟೂನು ಚಿತ್ರಶಾಲೆಯ ಪುಟ್ಟ ಥಿಯೇಟರಿನಲ್ಲಿ, ಪರದೆಯ ಮೇಲೆ ಸುಮ್ಮನೆ ನಿಲ್ಲಲು ಹೋಗಿ ಬಿದ್ದಳು. ಮೊದಲು ಹಿಮ್ಮಡಿ ಒಳಕ್ಕೆ ಹೊರಳಿತು. ಆಮೇಲೆ ಮುಷ್ಟಿಯಷ್ಟೇ ದಪ್ಪವಿದ್ದ ಸೊಂಟ ಹಸಿ ಬಳ್ಳಿಯ ಹಾಗೆ ಬಾಗಿತು. ಕೊನೆಗೆ ಆ ದೊಡ್ಡ ತಲೆ, ಮೊಣಕಾಲು ಮುಟ್ಟುವ ಕೂದಲಿನ ಭಾರವನ್ನೂ ಎಳೆದುಕೊಂಡು ಮುಂದಕ್ಕೆ ಬಾಗಿ, ಮುಖ ನೆಲಕ್ಕೆ ಅಪ್ಪಳಿಸಿತು.

ಥಿಯೇಟರಿನಲ್ಲಿ ಕೂತಿದ್ದ ಅಭಿಮಾನಿಗಳು ಗೊಳ್ಳೆಂದು ನಕ್ಕರು.

ಪರದೆಯ ಪಕ್ಕ ನಿಂತಿದ್ದ ಡಾಕ್ಟರ್ ಶಾಲ್ಮಲಾ ಬಡಿಗೇರ ನಗಲಿಲ್ಲವಾದರೂ ಅವಳ ಮುಖ ಅರಳಿತ್ತು. ಅವಳು ಕಟ್ಟಿದ ಯಂತ್ರ ಮೊದಲ ಸಲ ಹತ್ತು ಜನರ ಎದುರು ಕೆಲಸ ಮಾಡಿತ್ತು. ಅದಕ್ಕೆ ಅವಳು ಇಟ್ಟ ಹೆಸರು ಒಡಲು. ಕೈಯಲ್ಲಿ ಬರೆದ ಯಾವ ಪಾತ್ರವನ್ನೇ ಕೊಡಿ, ಒಡಲು ಅದರ ಗೆರೆಗಳ ಒಳಗೆ ಎಲುಬು ತುಂಬುತ್ತಿತ್ತು, ಕೀಲು ಜೋಡಿಸುತ್ತಿತ್ತು, ಸ್ನಾಯು ಹೆಣೆಯುತ್ತಿತ್ತು, ಕೊನೆಗೆ ಭೂಮಿಯ ಸೆಳೆತಕ್ಕೆ ಒಪ್ಪಿಸಿ ಕೈ ಬಿಡುತ್ತಿತ್ತು. ಅಭಿಮಾನಿಗಳಿಗೆ ಅವಳು ಸರಳವಾಗಿ ವಿವರಿಸಿದಳು: ಮೈಯ ತೂಕ ಅದರ ಒಟ್ಟು ಗಾತ್ರಕ್ಕೆ ತಕ್ಕಂತೆ ಏರುತ್ತದೆ, ಸ್ನಾಯುವಿನ ಬಲ ಮಾತ್ರ ಅದರ ದಪ್ಪಕ್ಕೆ ತಕ್ಕಂತೆ ಇರುತ್ತದೆ, ಕುಂಬಳಕಾಯಿಯಷ್ಟು ತಲೆಯನ್ನು ನಲ್ಲಿ ಕೊಳವೆಯಷ್ಟು ಕುತ್ತಿಗೆಯ ಮೇಲೆ ಇಟ್ಟರೆ ಆಗುವುದು ಇಷ್ಟೇ. ಕಣ್ಣುಗಳು ಆ ಗಾತ್ರಕ್ಕಿದ್ದರೆ ತಲೆಬುರುಡೆಯಲ್ಲಿ ಮೆದುಳಿಗೆ ಜಾಗವೇ ಉಳಿಯುವುದಿಲ್ಲ ಎಂದಾಗ ಮತ್ತೊಮ್ಮೆ ನಗೆ ಎದ್ದಿತು.

ಮುಂದಿನ ಸಾಲಿನಲ್ಲಿ ಒಬ್ಬರು ಮಾತ್ರ ನಕ್ಕಿರಲಿಲ್ಲ. ಗಗನಿಯನ್ನು ಮೊದಲು ಬರೆದ ಕೈ ಅವರದು. ಅನ್ವರ್ ಕಿತ್ತೂರ, ಅರವತ್ತು ದಾಟಿದವರು, ಬೆಳ್ಳಿಗಡ್ಡ, ಬೆರಳಿನ ತುದಿಯಲ್ಲಿ ಇನ್ನೂ ಮಸಿ. ಅವರು ಎದ್ದು ನಿಂತರು.

"ಬಿದ್ದದ್ದು ಬಿಡ್ರಿ," ಎಂದರು. "ಹ್ಯಾಂಗ ಬಿದ್ಳು ಅನ್ನೂದನ್ನ ಯಾರರೆ ನೋಡಿದ್ರೇನು? ಮುಖದ ಮ್ಯಾಲ ಬಿದ್ಳು. ಕೈ ಊರಾಕೂ ಅಕಿಗೆ ಯಾರೂ ಕಲಿಸಿಲ್ಲ."

ಅಷ್ಟು ಹೇಳಿ ಬಾಗಿಲು ದೂಡಿಕೊಂಡು ಹೊರಟುಹೋದರು.

ಅವತ್ತು ಆ ಥಿಯೇಟರಿಗೆ ಬಂದಿದ್ದವರೆಲ್ಲ ತಕರಾರು ಕಟ್ಟೆಯವರು. ಗಗನಿಯ ಅಭಿಮಾನಿಗಳು ಅಂತರ್ಜಾಲದಲ್ಲಿ ಕಟ್ಟಿಕೊಂಡ ಹರಟೆಯ ಜಾಗಕ್ಕೆ ಆ ಹೆಸರು. ಅಲ್ಲಿ ಹೊಗಳಿಕೆ ಕಡಿಮೆ, ಗೊಣಗಾಟವೇ ಹೆಚ್ಚು. ಯುದ್ಧಕ್ಕೆ ಹೊರಟವಳು ಎತ್ತರದ ಹಿಮ್ಮಡಿಯ ಚಪ್ಪಲಿ ಯಾಕೆ ಹಾಕುತ್ತಾಳೆ, ಎದೆಗೆ ಕವಚ ತೊಟ್ಟು ಹೊಟ್ಟೆಯನ್ನು ಯಾಕೆ ಬಿಡುತ್ತಾಳೆ, ಬೆನ್ನಿಗೆ ಕಟ್ಟಿದ ಅಷ್ಟುದ್ದದ ಕತ್ತಿಯನ್ನು ಒರೆಯಿಂದ ಎಳೆಯಲು ಕೈ ಎಲ್ಲಿ ಸಾಲುತ್ತದೆ ಎಂದು ಕೇಳುವವರಿದ್ದರು. ತಾಯಿಗೂ ಮಗಳಿಗೂ ಒಂದೇ ವಯಸ್ಸು ಕಾಣುತ್ತದೆ ಎಂಬುದು ಒಬ್ಬರ ಸಂಕಟ. ಹೆಂಗಸರಿಗೆಲ್ಲ ಒಂದೇ ಮುಖ ಬರೆದು ಕೂದಲಿನ ಬಣ್ಣ ಮಾತ್ರ ಬದಲಿಸಿದ್ದಾರೆ ಎಂಬುದು ಇನ್ನೊಬ್ಬರ ಸಿಟ್ಟು. ದಪ್ಪಗಿದ್ದವರು ತಿನ್ನುವುದಕ್ಕೇ ಹುಟ್ಟಿದವರೇ, ಕೆಟ್ಟವರೆಲ್ಲ ಕಪ್ಪಗೇ ಇರಬೇಕೇ ಎಂದು ಕೇಳಿದವರ ಮಾತಿನಲ್ಲಿ ತಮಾಷೆ ಇರುತ್ತಿರಲಿಲ್ಲ. ಆಡಿನ ಕಣ್ಣಪಾಪೆ ಅಡ್ಡಗೆರೆಯಂತಿರುತ್ತದೆ, ದುಂಡಗೆ ಬರೆದವರು ಆಡನ್ನೇ ಕಂಡಿಲ್ಲ ಎಂದು ಕುರಿಗಾರರ ಮನೆಯ ಹುಡುಗಿಯೊಬ್ಬಳು ಬರೆದಿದ್ದಳು. ಇಳಕಲ್ ಸೀರೆಯ ಸೆರಗು ಒಂದು ದೃಶ್ಯದಲ್ಲಿ ಎಡಭುಜಕ್ಕೂ ಮುಂದಿನದರಲ್ಲಿ ಬಲಭುಜಕ್ಕೂ ಹಾರುತ್ತದೆ ಎಂದು ಗುಳೇದಗುಡ್ಡದ ನೇಕಾರರೊಬ್ಬರು ವರ್ಷಾನುಗಟ್ಟಲೆ ಹೇಳುತ್ತಲೇ ಬಂದಿದ್ದರು. ಇಷ್ಟೆಲ್ಲ ಗೊಣಗಿಯೂ ಒಂದು ಕಂತನ್ನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಪ್ರೀತಿ ಇಲ್ಲದವರಿಗೆ ಆಡಿನ ಕಣ್ಣು ನೋಡುವ ತಾಳ್ಮೆ ಎಲ್ಲಿಂದ ಬರಬೇಕು?

ಶಾಲ್ಮಲಾ ಹನ್ನೆರಡನೆಯ ವಯಸ್ಸಿನಲ್ಲಿ ಆ ಕಟ್ಟೆ ಹತ್ತಿದವಳು. ಅವಳ ತಕರಾರು ಒಂದೇ. ಮೂರನೆಯ ಸರಣಿಯಲ್ಲಿ ಗಗನಿಯ ಕಾಲಿಗೆ ಪೆಟ್ಟಾಗುತ್ತದೆ. ಒಂದು ದೃಶ್ಯದಲ್ಲಿ ಅವಳು ಎಡಗಾಲು ಕುಂಟುತ್ತಾಳೆ, ಮುಂದಿನ ದೃಶ್ಯದಲ್ಲಿ ಬಲಗಾಲು, ಮುಂದಿನ ಕಂತಿನ ಹೊತ್ತಿಗೆ ಕುಂಟೇ ಇಲ್ಲ. ಎಲ್ಲರಿಗೂ ಅದು ಸಣ್ಣ ತಪ್ಪು. ಶಾಲ್ಮಲಾಳ ಅಕ್ಕ ರೇಣುಕಾ ಹುಟ್ಟುವಾಗಲೇ ಸೊಂಟದ ಕೀಲು ಜರುಗಿ, ಎಡಗಾಲು ಮೂರು ಬೆರಳಿನಗಲ ಗಿಡ್ಡವಾದವಳು. ತನ್ನ ಹಾಗೆ ನಡೆಯುವ ವೀರೆಯೊಬ್ಬಳು ಪರದೆಯ ಮೇಲೆ ಬಂದಳೆಂದು ಕಣ್ಣರಳಿಸಿ ಕೂತಿದ್ದ ಅಕ್ಕ, ಬಲಗಾಲು ಕುಂಟಿದ ದೃಶ್ಯದಲ್ಲಿ ಜೋರಾಗಿ ನಕ್ಕು ಎದ್ದುಹೋಗಿದ್ದಳು. ಆ ನಗು ಶಾಲ್ಮಲಾಳಿಗೆ ಸಹಿಸಲಾಗಲಿಲ್ಲ. ಕಟ್ಟೆಯ ಮೇಲೆ ಉರಿದುರಿದು ಬರೆದಳು. ಆಗ ಅನ್ವರ್ ಕಿತ್ತೂರ ಸ್ವತಃ ಉತ್ತರ ಕೊಟ್ಟಿದ್ದರು: ಮಗು, ಅದು ಚಿತ್ರ, ಚಿತ್ರಕ್ಕೆ ತೂಕ ಇರುವುದಿಲ್ಲ.

ಅವಳಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಆದ್ದರಿಂದ ತೂಕದ ಬೆನ್ನು ಹತ್ತಿದಳು. ಧಾರವಾಡದಲ್ಲಿ ಓದಿ, ಅಲ್ಲೇ ಕೃತಕ ಮೊಣಕಾಲು ತಯಾರಿಸುವ ಪ್ರಯೋಗಾಲಯ ಸೇರಿದಳು. ಹೊಸ ಕೀಲನ್ನು ರೋಗಿಗೆ ಹಾಕುವ ಮೊದಲು ಕಂಪ್ಯೂಟರಿನೊಳಗಿನ ಮೈಗೆ ಹಾಕಿ ನೋಡಲು ಒಡಲನ್ನು ಕಟ್ಟಿದಳು. ಅದಕ್ಕೊಮ್ಮೆ ತಮಾಷೆಗೆ ಗಗನಿಯನ್ನು ತಿನ್ನಿಸಿದ್ದನ್ನು ಕಂಡ ಚಾಮರದ ಒಡತಿ ವೈಜಯಂತಿ ದೇಸಾಯಿ, ಯಂತ್ರವನ್ನೂ ಯಂತ್ರದವಳನ್ನೂ ಒಟ್ಟಿಗೇ ಹುಬ್ಬಳ್ಳಿಗೆ ಕರೆಸಿಕೊಂಡರು.

ಗಗನಿ ಬಿದ್ದ ದೃಶ್ಯ ಸಂಜೆಯ ಹೊತ್ತಿಗೆ ಊರೆಲ್ಲ ಹರಡಿತು. ಥಿಯೇಟರಿನಲ್ಲಿದ್ದ ಯಾರೋ ಅದನ್ನು ಮೊಬೈಲಿನಲ್ಲಿ ಸೆರೆಹಿಡಿದಿದ್ದರು. ಜನ ಅದಕ್ಕೆ ಹಾಡು ಸೇರಿಸಿದರು, ನಗೆಮಾತು ಸೇರಿಸಿದರು. ಆಮೇಲೆ ಆಟ ಬೆಳೆಯಿತು. ಬೇರೆ ಬೇರೆ ದೇಶಗಳ ಕಾರ್ಟೂನು ನಾಯಕಿಯರು, ನಾಯಕರು ಒಬ್ಬೊಬ್ಬರಾಗಿ ಒಡಲಿನೊಳಗೆ ಹೊಕ್ಕು ಮುಗ್ಗರಿಸಿದರು. ಎರಡು ಕಂಬದಂಥ ತೋಳು, ಗುಬ್ಬಿಯಂಥ ಕಾಲು ಇದ್ದ ಮಹಾವೀರರು ಹಿಂದಕ್ಕೆ ಮಗುಚಿದರು. ತಕರಾರುಗಾರರಿಗೆ ಅದು ಹಬ್ಬವಾಯಿತು. ಅವರು ಹೇಳಿದ್ದೆಲ್ಲ ನಿಜವೆಂದು ಈಗ ವಿಜ್ಞಾನವೇ ಸಾಕ್ಷಿ ನುಡಿದಿತ್ತು. ಅನ್ವರ್ ಕಿತ್ತೂರರ ಹೆಸರು ಹೇಳಿ ಆಡಿಕೊಂಡವರೂ ಬಹಳ. ಅವರು ಚಿತ್ರಶಾಲೆಗೆ ಬರುವುದನ್ನೇ ನಿಲ್ಲಿಸಿದರು.

ಒಡಲಿಗೆ ಬೀಳಿಸುವುದಷ್ಟೇ ಬರುತ್ತಿರಲಿಲ್ಲ, ತಿದ್ದುವುದೂ ಬರುತ್ತಿತ್ತು. ನಿಲ್ಲಲಾರದ ಮೈಯನ್ನು ಕೊಟ್ಟರೆ, ತನ್ನಲ್ಲಿದ್ದ ಲಕ್ಷಾಂತರ ನಿಜವಾದ ಮೈಗಳ ಅಳತೆಗಳನ್ನು ಜಾಲಾಡಿ, ಅದಕ್ಕೆ ಹತ್ತಿರವಾಗಿದ್ದೂ ನಿಲ್ಲಬಲ್ಲಂಥ ಒಂದು ಮೈಗೆ ಆ ಗೆರೆಗಳನ್ನು ಎಳೆದು ಕೂರಿಸುತ್ತಿತ್ತು. ವೈಜಯಂತಿ ಎಲ್ಲ ಪಾತ್ರಗಳನ್ನೂ ತಿದ್ದಿಸಿದರು. ಗಗನಿಗೆ ಸೊಂಟ ಬಂತು, ಕಣ್ಣು ಕಣ್ಣಿನಷ್ಟಾಯಿತು, ಚಪ್ಪಲಿ ನೆಲ ಮುಟ್ಟಿತು, ಹೊಟ್ಟೆಗೂ ಕವಚ ಬಂತು. ಗುಳೇದಗುಡ್ಡದ ನೇಕಾರರ ಸೆರಗೂ ಎಡಭುಜದ ಮೇಲೆ ನಿಂತಿತು. ತಕರಾರುಗಳು ಒಂದೊಂದಾಗಿ ತೀರುತ್ತ ಹೋದಾಗ ಶಾಲ್ಮಲಾಳಿಗೆ ಹನ್ನೆರಡು ವರ್ಷದ ಹುಡುಗಿಯಾಗಿದ್ದ ತನ್ನೆದುರು ಎದೆ ಸೆಟೆಸಿ ನಿಲ್ಲಬಹುದು ಅನ್ನಿಸಿತ್ತು.

ಹಾಗೆ ತಿದ್ದಿದ ಪಾತ್ರಗಳೊಂದಿಗೆ ದೀಪಾವಳಿಗೆ ಬಂದ ಚಿತ್ರವನ್ನು ನೋಡಿದವರು ಚೆನ್ನಾಗಿದೆ ಎಂದರು. ಹಾಗೆಂದು ಮನೆಗೆ ಹೋದರು. ಕಟ್ಟೆಯಲ್ಲಿ ಮೂರು ದಿನ ಯಾರೂ ಏನೂ ಬರೆಯಲಿಲ್ಲ. ನಾಲ್ಕನೆಯ ದಿನ ಆ ಕುರಿಗಾರರ ಹುಡುಗಿ, ಈಗ ಎರಡು ಮಕ್ಕಳ ತಾಯಿ, ಹೀಗೆ ಬರೆದಳು: ಗಗನಿ, ಅವಳ ತಾಯಿ, ರಕ್ಕಸರ ರಾಣಿ ಬೂದೆವ್ವ, ಮೂವರನ್ನೂ ಬೆನ್ನ ಹಿಂದಿನಿಂದ ನೋಡಿದರೆ ಯಾರು ಯಾರೆಂದು ತಿಳಿಯುವುದಿಲ್ಲ, ಬೂದೆವ್ವ ಎಷ್ಟು ದಪ್ಪಗಿದ್ದಳು, ಅವಳು ಬಂದರೆ ಪರದೆ ತುಂಬುತ್ತಿತ್ತು, ಅವಳನ್ನು ಯಾಕೆ ಕರಗಿಸಿದಿರಿ?

ಶಾಲ್ಮಲಾ ಅಳತೆಗಳನ್ನು ತೆಗೆದು ನೋಡಿದಳು. ಹುಡುಗಿ ಹೇಳಿದ್ದು ನಿಜವಾಗಿತ್ತು. ಲಕ್ಷಾಂತರ ಮೈಗಳಲ್ಲಿ ಹತ್ತಿರದ್ದನ್ನು ಹುಡುಕು ಎಂದಾಗ ಯಂತ್ರ ಜನ ದಟ್ಟವಾಗಿರುವ ಕಡೆಗೇ ವಾಲುತ್ತಿತ್ತು. ಎಲ್ಲರೂ ನಿಲ್ಲಬಲ್ಲವರಾಗಿದ್ದರು, ಎಲ್ಲರೂ ಒಬ್ಬರೇ ಆಗಿದ್ದರು. ಆದರೂ ಅವಳು ಒಪ್ಪಿಕೊಳ್ಳಲಿಲ್ಲ. ಅಳತೆಗಳ ಸಂಗ್ರಹ ಸಾಲದು, ಇನ್ನಷ್ಟು ಜನರದನ್ನು ಸೇರಿಸಿದರೆ ಸರಿಹೋಗುತ್ತದೆ ಎಂದು ವೈಜಯಂತಿಗೆ ಹೇಳಿದಳು.

ಆ ಭಾನುವಾರ ರೇಣುಕಾ ತಂಗಿಯ ಯಂತ್ರ ನೋಡಲು ಬಂದಳು. ಅವಳು ಕಲಘಟಗಿಯಲ್ಲಿ ದನದ ಡಾಕ್ಟರು. ಒದೆಯುವ ಎಮ್ಮೆಯನ್ನು ಭುಜದಿಂದ ಒತ್ತಿ ನಿಲ್ಲಿಸಬಲ್ಲ ಗಟ್ಟಿಗಿತ್ತಿ. ನಡೆಯುವಾಗ ಅವಳ ಎಡಗೈ ಪರದೆ ಸರಿಸಿದ ಹಾಗೆ ಹೊರಕ್ಕೆ ಬೀಸುತ್ತಿತ್ತು, ಬಲಭುಜ ತುಸು ಹಿಂದಕ್ಕೆ ಹೋಗುತ್ತಿತ್ತು. ಸಂತೆಯ ಗದ್ದಲದಲ್ಲೂ ಅವ್ವ ಆ ಕೈಬೀಸನ್ನು ದೂರದಿಂದಲೇ ಗುರುತಿಸಿ, ರೇಣು ಬಂದ್ಲು ಎನ್ನುತ್ತಿದ್ದಳು. ಶಾಲ್ಮಲಾ ಅಕ್ಕನಿಗೆಂದೇ ಇಟ್ಟುಕೊಂಡಿದ್ದ ದೃಶ್ಯವನ್ನು ಹಾಕಿದಳು. ಮೂರನೆಯ ಸರಣಿಯ ಗಾಯದ ಗಗನಿ; ಅವಳ ಎಡಗಾಲನ್ನು ಶಾಲ್ಮಲಾ ತಾನೇ ಗಿಡ್ಡ ಮಾಡಿದ್ದಳು. ಯಂತ್ರ ಒಂದು ಕ್ಷಣ ತೊದಲಿತು. ನೋಡನೋಡುತ್ತಿದ್ದಂತೆ ಎಡಗಾಲು ಬೆಳೆದು ಬಲಗಾಲಿಗೆ ಸರಿಸಮವಾಯಿತು. ಗಗನಿ ನೆಟ್ಟಗೆ ನಡೆದು ಹೋದಳು.

ರೇಣುಕಾ ತಂಗಿಯ ಕಡೆ ತಿರುಗಿದಳು.

"ಶಾಲು, ನನ್ನನ್ನ ಇದರಾಗ ಹಾಕಿದ್ರ ಮೊದಲ ನನ್ನ ಕಾಲು ತಿದ್ದತೈತಿ, ಹೌದಲ್ಲ?"

ಶಾಲ್ಮಲಾ ಹೌದೆಂದಳು.

"ಆಮ್ಯಾಲ ಎದ್ದು ನಿಂತಾಕಿ ನಾನಾಗಿರೂದಿಲ್ಲ. ನನ್ನ ಸೀರಿ ಉಟ್ಟ ಬ್ಯಾರೆ ಯಾರೋ ಆಗಿರ್ತಾಳ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಂಗಿಯ ಬೆನ್ನು ತಟ್ಟಿ, ಯಂತ್ರ ಛಲೋ ಐತಿ ಎಂದು ಹೇಳಿ ಊಟಕ್ಕೆ ಎಬ್ಬಿಸಿದಳು. ಊಟಕ್ಕೆ ಕೂತ ಶಾಲ್ಮಲಾಳಿಗೆ ಹಳೆಯದು ನೆನಪಾಯಿತು. ಚಿಕ್ಕಂದಿನಲ್ಲಿ ಅಕ್ಕನ ಎಡಗಾಲಿಗೆ ಆಸ್ಪತ್ರೆಯವರು ದಪ್ಪ ಅಟ್ಟೆಯ ಬೂಟು ಮಾಡಿಸಿಕೊಟ್ಟು, ನೆಲಕ್ಕೆ ಗೆರೆ ಹಾಕಿ ಅದರ ಮೇಲೆ ನೆಟ್ಟಗೆ ನಡೆಯುವುದನ್ನು ಅಭ್ಯಾಸ ಮಾಡಿಸುತ್ತಿದ್ದರು. ಅಕ್ಕ ಓಣಿ ತಿರುಗುತ್ತಲೇ ಬೂಟು ಕಳಚಿ ಕೈಯಲ್ಲಿ ಹಿಡಿದು ಓಡುತ್ತಿದ್ದಳು. ಗೆರೆಯ ಮೇಲೆ ನಡೆಸಿದವರ ಸಾಲಿನಲ್ಲಿ ಈಗ ತನ್ನ ಯಂತ್ರವೂ ಸೇರಿತಲ್ಲ ಎಂಬ ಯೋಚನೆ ಅವಳನ್ನು ಕುಟುಕಿತು.

ಮರುದಿನ ಅವಳು ಕೌಲಪೇಟೆಯಲ್ಲಿದ್ದ ಅನ್ವರ್ ಕಿತ್ತೂರರ ಮನೆ ಹುಡುಕಿಕೊಂಡು ಹೋದಳು. ಅವರು ಮಾಳಿಗೆಯ ಮೇಲೆ, ಒಣಗಲು ಹಾಕಿದ ಬಟ್ಟೆಗಳ ನಡುವೆ ಚಾಪೆ ಹಾಸಿಕೊಂಡು ಬರೆಯುತ್ತಿದ್ದರು. ಬಾಗಿಲಿಗೆ ಬಂದವಳನ್ನು ತಿರುಗಿ ಕಳಿಸುವ ಜಾಯಮಾನ ಅವರದಲ್ಲ. ಚಹಾ ಬಂತು. ಕಟ್ಟೆಯವರು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯೆಂದು ಅವರೇ ಮಾತು ತೆಗೆದರು. ಮೊದಲು ಬರೆದ ಗಗನಿಗೆ ಸರಿಯಾದ ಸೊಂಟವೇ ಇತ್ತಂತೆ. ಗೊಂಬೆ ಮಾರುವವರು ತಮ್ಮ ಪೆಟ್ಟಿಗೆ ಚಿಕ್ಕದು, ಗೊಂಬೆಯನ್ನೇ ಸಣ್ಣ ಮಾಡಿ ಎಂದರಂತೆ. ವರ್ಷ ವರ್ಷ ಒಂದೊಂದು ಗೆರೆ ಒಳಕ್ಕೆ ಸರಿಯುತ್ತ ಅವಳು ಆ ಗತಿಗೆ ಬಂದಳು. ಕುಂಟಿನ ವಿಷಯ ಬಂದಾಗ, ಕೆಲಸ ಉಳಿಸಲು ಯಾರೋ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಬಳಸಿದ್ದರು ಎಂದರು.

ಶಾಲ್ಮಲಾ ತನ್ನ ಅಕ್ಕನ ಕಾಲಿನ ವಿಷಯವನ್ನೂ ಅವಳ ಮಾತನ್ನೂ ಅವರಿಗೆ ಹೇಳಿದಳು. ಅನ್ವರ್ ಪೆನ್ಸಿಲು ಕೆಳಗಿಟ್ಟರು.

"ನಿಮ್ಮ ಮಿಷಿನ್ ಹಿಂಗ್ಯಾಕ ಮಾಡತೈತಿ ಗೊತ್ತೇನವಾ? ಬಿದ್ದ ಕೂಡ್ಲೇ ಮೈ ತಪ್ಪೈತಿ ಅಂತ ತಿಳಕೊಳ್ಳತೈತಿ. ಕೂಸು ಬಿದ್ರ ನಾವು ಕಾಲು ಬದಲಿ ಮಾಡ್ತೀವೇನು? ಮತ್ತ ಎಬ್ಬಿಸಿ ಬಿಡ್ತೀವಿ."

"ನಿಲ್ಲಾಕ ಬರದ ಮೈ ಇದ್ರ, ಚಾಚಾ?" ಎಂದು ಅವಳು ಕೇಳಿದಳು.

"ನಿಲ್ಲಾಕ ಬರಲಿಲ್ಲ ಅಂದ್ರ ತೆವಳಲಿ. ತನ್ನ ದಾರಿ ತಾನ ಹುಡುಕಲಿ. ಬರಿಯೂದು ನನಗ ಬಿಡ್ರಿ. ನಡಿಯೂದನ್ನ ನೀವು ಕಲಸ್ರಿ."

ಅವರು ಮರಳಿ ಚಿತ್ರಶಾಲೆಗೆ ಬರಲು ಒಪ್ಪಿದರು. ವೈಜಯಂತಿಯವರನ್ನು ಒಪ್ಪಿಸುವುದು ಕಷ್ಟವಾಯಿತು. ತಿದ್ದಿದ ಚಿತ್ರಗಳಿಗೆ ಯಾರೂ ಬೈಯುವುದಿಲ್ಲ, ಅದೇ ದೊಡ್ಡ ಲಾಭ ಎಂಬುದು ಅವರ ವಾದ. ಯಾರೂ ಮಾತಾಡುವುದೂ ಇಲ್ಲವಲ್ಲ ಮೇಡಂ ಎಂದು ಶಾಲ್ಮಲಾ ಅಂದಾಗ ಅವರು ಯೋಚನೆಗೆ ಬಿದ್ದರು. ಕಟ್ಟೆಯ ಮೌನ ಅವರನ್ನೂ ಕಾಡಿತ್ತು.

ಶಾಲ್ಮಲಾ ಒಡಲಿನಿಂದ ತಿದ್ದುವ ಭಾಗವನ್ನು ಕಿತ್ತೇ ಹಾಕಿದಳು. ಅದರ ಜಾಗಕ್ಕೆ ಕಲಿಯುವ ಭಾಗ ಬಂತು. ಯಂತ್ರ ಕಲಿಯುವುದೆಂದರೆ ಏನೆಂದು ವೈಜಯಂತಿ ಕೇಳಿದಾಗ ಅವಳು ತೊಟ್ಟಿಲ ಕೂಸಿನ ಉದಾಹರಣೆ ಕೊಟ್ಟಳು. ಕೂಸು ಕೈಕಾಲು ಆಡಿಸುತ್ತದೆ, ಯಾವುದೋ ಒಂದು ಆಟ ಫಲ ಕೊಡುತ್ತದೆ, ಅದನ್ನು ಹಿಡಿದಿಟ್ಟುಕೊಂಡು ಮುಂದಿನದಕ್ಕೆ ಹೋಗುತ್ತದೆ. ಒಡಲು ಅದನ್ನೇ ಬಹಳ ವೇಗವಾಗಿ, ಕೋಟಿ ಸಲ ಮಾಡುತ್ತದೆ. ಯಾವ ನಡಿಗೆ ಸರಿ ಎಂದು ಅವಳು ಯಂತ್ರಕ್ಕೆ ಹೇಳಿಕೊಡಲಿಲ್ಲ. ಎರಡೇ ಮಾತು ಹೇಳಿದಳು: ನೋವಾಗಬಾರದು, ದಣಿವು ಹೆಚ್ಚಾಗಬಾರದು.

ಪಾತ್ರಗಳು ಮೊದಲು ಕಲಿತದ್ದು ಬೀಳುವುದನ್ನು. ಕೈ ಊರಿ, ಭುಜ ಹೊರಳಿಸಿ, ಮುಖ ಉಳಿಸಿಕೊಂಡು ಬಿದ್ದರು. ಆಮೇಲೆ ಏಳುವುದು. ವಾರಗಟ್ಟಲೆ ಚಿತ್ರಶಾಲೆಯ ಪರದೆಗಳ ತುಂಬ ಅದೇ ಆಯಿತು. ಬೂದೆವ್ವ ತನ್ನ ಹಳೆಯ ಗಾತ್ರದಲ್ಲೇ ಮರಳಿ ಬಂದಳು; ಹದಿನೈದು ದಿನ ಮಗುಚಿ ಮಗುಚಿ, ಒಂದು ದಿನ ಕಾಲುಗಳನ್ನು ಅಗಲಿಸಿ, ಇಡೀ ಮೈಯನ್ನು ಅತ್ತಿತ್ತ ತೂಗುತ್ತ, ಜಾತ್ರೆಯ ಆನೆಯ ಗತ್ತಿನಲ್ಲಿ ಅಂಗಳ ದಾಟಿದಳು. ಅನ್ವರ್ ಎದ್ದು ನಿಂತು ಸಲಾಮು ಹೊಡೆದರು. ಗಗನಿಯ ಜೊತೆಗಿರುವ ದೊಡ್ಡ ಕಣ್ಣಿನ ಗೂಬೆಮರಿಗೆ ತಲೆ ಎತ್ತಲಾಗಲಿಲ್ಲ. ಅದು ಕೊನೆಗೆ ಎರಡೂ ರೆಕ್ಕೆಗಳಿಂದ ಗದ್ದ ಹಿಡಿದುಕೊಂಡು ಓಡಾಡುವುದನ್ನು ಕಂಡುಕೊಂಡಿತು. ಅದನ್ನು ನೋಡಿ ನಗದವರಿಲ್ಲ. ಗೂಬೆಮರಿ ಸೋತದ್ದಕ್ಕಲ್ಲ, ಗೆದ್ದದ್ದಕ್ಕೆ ಬಂದ ನಗು ಅದು.

ಗಗನಿಯನ್ನು ಅನ್ವರ್ ಹೊಸದಾಗಿ ಬರೆದರು. ಇಷ್ಟು ವರ್ಷ ಕತ್ತಿ ಬೀಸಿದವಳ ಭುಜ ಹೇಗಿರಬೇಕೋ ಹಾಗೆ ಬರೆದರು. ನಲವತ್ತರ ಹತ್ತಿರದ ಹೆಂಗಸಿನ ಹೊಟ್ಟೆ, ಬಿಸಿಲು ತಿಂದ ಕೆನ್ನೆ, ಗಾಳಿಗೆ ಸಿಕ್ಕದಂತೆ ಬಿಗಿದು ಕಟ್ಟಿದ ತುರುಬು. ಮೂರನೆಯ ಸರಣಿಯ ಗಾಯ ಮಾದಿತ್ತು, ಎಲುಬು ಮಾತ್ರ ಗಿಡ್ಡವಾಗಿ ಕೂಡಿಕೊಂಡಿತ್ತು. ಎಡಗಾಲು, ಶಾಲ್ಮಲಾ ಹೇಳಿದ್ದ ಆ ಮೂರು ಬೆರಳಿನಗಲ. ಹಿಂದೆಂದೂ ಅವರು ಯಾವ ಚಿತ್ರಕ್ಕೂ ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

ಆ ಗಗನಿ ಬಹಳ ದಿನ ಬಿದ್ದಳು. ಶಾಲ್ಮಲಾ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದಾಗ ಅನ್ವರ್ ಅವಳನ್ನು ಕೂಗಿದರು. ಪರದೆಯ ಮೇಲೆ ಗಗನಿ ಬೆನ್ನು ತೋರಿಸಿ ನಡೆದು ಹೋಗುತ್ತಿದ್ದಳು. ಎಡಗಾಲು ಊರುವಾಗ ಬಲಭುಜ ತುಸು ಹಿಂದಕ್ಕೆ ಹೋಗುತ್ತಿತ್ತು. ಎಡಗೈ ಪರದೆ ಸರಿಸಿದ ಹಾಗೆ ಹೊರಕ್ಕೆ ಬೀಸುತ್ತಿತ್ತು. ಹಿಮ್ಮಡಿ ನೆಲವನ್ನು ಸವರಿದಂತೆ ಮಾಡಿ ಬಿಟ್ಟು, ಬಲಗಾಲು ಚುರುಕಾಗಿ ಮುಂದೆ ಬರುತ್ತಿತ್ತು. ಶಾಲ್ಮಲಾ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಅಕ್ಕನ ನಡಿಗೆಯನ್ನು ಅವಳು ಯಂತ್ರಕ್ಕೆ ಎಂದೂ ತೋರಿಸಿರಲಿಲ್ಲ. ಗಿಡ್ಡ ಕಾಲೊಂದನ್ನು ಬಿಟ್ಟರೆ ಅಕ್ಕನ ಬೇರೆ ಅಳತೆಗಳೂ ಅದರಲ್ಲಿರಲಿಲ್ಲ.

ರೇಣುಕಾ ಕೆಲಸ ಮುಗಿಸಿಕೊಂಡು ಸಂಜೆ ಬಂದಳು. ಮೈಗಿನ್ನೂ ಕೊಟ್ಟಿಗೆಯ ವಾಸನೆ ಇತ್ತು. ಶಾಲ್ಮಲಾ ಏನೂ ಹೇಳದೆ ಗಗನಿಯನ್ನು ನಡೆಸಿದಳು. ರೇಣುಕಾ ಕುರ್ಚಿಯಿಂದ ಎದ್ದಳು. ಪರದೆಯ ಹತ್ತಿರ ಹೋಗಿ, ಗಗನಿಯ ಪಕ್ಕದಲ್ಲಿ, ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಈ ತುದಿಯಿಂದ ಆ ತುದಿಗೆ ನಡೆದಳು. ಇಬ್ಬರ ಎಡಗೈಯೂ ಒಟ್ಟಿಗೇ ಬೀಸಿತು.

"ಇದನ್ನ ಹುಡುಕಾಕ ಮಿಷಿನ್‌ಗೆ ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದಳು.

ಗಡಿಯಾರದ ಲೆಕ್ಕದಲ್ಲಿ ಹದಿನೆಂಟು ದಿನ, ಆದರೆ ಅದರೊಳಗೆ ಗಗನಿ ಎಷ್ಟೋ ಜನ್ಮಗಳಷ್ಟು ನಡೆದಿದ್ದಾಳೆ ಎಂದಳು ಶಾಲ್ಮಲಾ. ಬೇರೆ ಸಾವಿರಾರು ರೀತಿ ನಡೆದು ನೋಡಿ, ಈ ಮೈಗೆ ಇದಕ್ಕಿಂತ ಹಗುರವಾದ ನಡಿಗೆ ಇಲ್ಲವೆಂದು ಇಲ್ಲಿಗೆ ಬಂದು ನಿಂತಿದೆ. ಗಗನಿಗೆ ಆ ದಪ್ಪ ಅಟ್ಟೆಯ ಬೂಟನ್ನೂ ಹಾಕಿ ನೋಡಿದ್ದಳು. ಬೇರೆ ಎಷ್ಟೋ ಜನಕ್ಕೆ ಅಂಥ ಬೂಟು ಸುಖ ಕೊಡುತ್ತದೆ. ಈ ಸೊಂಟಕ್ಕೆ, ಈ ಕಾಲಿಗೆ ಅದನ್ನು ಹಾಕಿ ಗೆರೆಯ ಮೇಲೆ ನೆಟ್ಟಗೆ ನಡೆಸಿದಾಗ ಗಗನಿ ಅರ್ಧದಾರಿಯಲ್ಲೇ ದಣಿದು ಕೂತಿದ್ದಳು.

"ಅಕ್ಕಾ, ನೀ ಇದನ್ನ ಯಾವಾಗ ಕಲತಿ?"

"ನನಗೇನು ನೆನಪೈತಿ? ಮೂರು ವರ್ಷಕ್ಕ ಹಿಂಗ ಓಡಾಡ್ತಿದ್ದೆ ಅಂತ ಅವ್ವ ಹೇಳ್ತಿದ್ಲು." ರೇಣುಕಾ ಪರದೆಯ ಮೇಲಿನ ಗಗನಿಯನ್ನೇ ನೋಡುತ್ತಿದ್ದಳು. "ಎಲ್ಲಾರೂ ಕುಂಟು ಅಂದ್ರು. ಇದು ನಡಿಗಿ, ಶಾಲು. ಇದು ನನ್ನ ನಡಿಗಿ."

ಅವಳ ಕುತ್ತಿಗೆ ಎಂದಿಗಿಂತ ಎತ್ತರವಾಗಿತ್ತು. ಅನ್ವರ್ ಕಿತ್ತೂರ ಮೂಲೆಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಶಾಲ್ಮಲಾ ಆವತ್ತು ತನ್ನ ಯಂತ್ರದ ಬಗ್ಗೆ ಪಟ್ಟ ಹೆಮ್ಮೆ ದೊಡ್ಡದೇ. ಆದರೆ ಕೋಟಿ ಸಲ ಬಿದ್ದು ಯಂತ್ರ ಕಂಡುಕೊಂಡದ್ದನ್ನು ಓಣಿಯ ಧೂಳಿನಲ್ಲಿ ಒಬ್ಬಳೇ ಕಂಡುಕೊಂಡಿದ್ದ ಕೂಸಿನ ಬಗ್ಗೆ ಪಟ್ಟದ್ದು ಅದಕ್ಕಿಂತ ದೊಡ್ಡದು.

ಚಿತ್ರ ಮುಗಿಯುವ ಹೊತ್ತಿಗೆ ಗೊಂಬೆ ಮಾರುವವರು ಬಂದು, ಈ ಗಗನಿ ನಮ್ಮ ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ ಎಂದು ತಕರಾರು ತೆಗೆದರು. ಹಾಗಾದರೆ ಪೆಟ್ಟಿಗೆಯನ್ನೇ ದೊಡ್ಡದು ಮಾಡಿಸಿ ಎಂದು ವೈಜಯಂತಿ ದೇಸಾಯಿ ಅವರನ್ನು ಕಳಿಸಿದರು. ಮೊದಲ ಪ್ರದರ್ಶನಕ್ಕೆ ಕಟ್ಟೆಯವರೆಲ್ಲ ಬಂದರು. ಗುಳೇದಗುಡ್ಡದ ನೇಕಾರರು ಇಡೀ ಕುಟುಂಬ ಕಟ್ಟಿಕೊಂಡು ಬಂದಿದ್ದರು. ಗಗನಿ ಮೊದಲ ಸಲ ಕೋಟೆಯ ಅಂಗಳ ದಾಟುವಾಗ ಹಿನ್ನೆಲೆಯಲ್ಲಿ ಸಂಗೀತವಿರಲಿಲ್ಲ. ಕಲ್ಲುಹಾಸಿನ ಮೇಲೆ ಅವಳ ಹೆಜ್ಜೆಯ ಸದ್ದಷ್ಟೇ, ಒಂದು ಮೆಲ್ಲಗೆ, ಒಂದು ಜೋರಾಗಿ. ಆ ಸದ್ದಿನಲ್ಲಿ ತೂಕ ಇತ್ತು. ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹೊಡೆದರು. ಆಮೇಲೆ ಶಿಳ್ಳೆಗಳನ್ನು ಎಣಿಸುವುದಾಗಲಿಲ್ಲ.

ಮರುದಿನ ಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡಗಾಲು ಗಿಡ್ಡವಿದ್ದವಳು ಒರೆಯನ್ನು ಆ ಕಡೆಗೆ ಕಟ್ಟಬಾರದು, ಬೂದೆವ್ವನ ಕಾಲ್ಗಡಗ ಒಂದು ದೃಶ್ಯದಲ್ಲಿ ಕಾಣೆಯಾಗಿದೆ, ಗಗನಿಯ ತುರುಬಿನಿಂದ ಯುದ್ಧ ಮುಗಿದರೂ ಒಂದು ಎಳೆಯೂ ಜಾರಿಲ್ಲವೇಕೆ. ಅನ್ವರ್ ಕಿತ್ತೂರ ಚಹಾ ಕುಡಿಯುತ್ತ ಒಂದೊಂದನ್ನೂ ಗಟ್ಟಿಯಾಗಿ ಓದಿಸಿಕೊಂಡರು. ಈಗ ಜೀವ ಬಂತು ಎಂದರು.

ಒಡಲು ಚಿತ್ರಶಾಲೆಯಲ್ಲಿ ಉಳಿಯಲಿಲ್ಲ. ಕೃತಕ ಕೀಲುಗಳ ಪ್ರಯೋಗಾಲಯ ಅದನ್ನು ಮರಳಿ ಕೇಳಿತು, ಆಮೇಲೆ ಆಸ್ಪತ್ರೆಗಳು ಕೇಳಿದವು. ಪಾರ್ಶ್ವವಾಯು ಹೊಡೆದವರು, ಅಪಘಾತದಲ್ಲಿ ಕಾಲು ಕಳೆದುಕೊಂಡವರು, ಹುಟ್ಟಿನಿಂದಲೇ ಮೈ ಬೇರೆಯಾಗಿದ್ದ ಮಕ್ಕಳು ಅದರೆದುರು ನಿಂತರು. ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಡೆಸುವ ಪಾಠ ಮೆಲ್ಲಮೆಲ್ಲಗೆ ಪುಸ್ತಕಗಳಿಂದ ಮರೆಯಾಯಿತು. ಈ ಮೈಗೆ ಯಾವ ನಡಿಗೆ ಹಗುರ ಎಂದು ಕೇಳಿ, ಅದನ್ನು ಕಲಿಸುವುದು ವಾಡಿಕೆಯಾಯಿತು. ಕೆಲವರಿಗೆ ಯಂತ್ರ ಹೊಸ ದಾರಿ ತೋರಿಸಿತು. ಇನ್ನು ಕೆಲವರಿಗೆ, ನೀವು ನಡೆಯುತ್ತಿರುವುದೇ ಸರಿಯಾಗಿದೆ ಎಂದಷ್ಟೇ ಹೇಳಿತು. ಆ ಮಾತು ಕೇಳಿ ಅಳುತ್ತಿದ್ದವರನ್ನು ಶಾಲ್ಮಲಾ ಕಣ್ಣಾರೆ ಕಂಡಳು.

ಬಹಳ ವರ್ಷಗಳ ನಂತರ, ಕೂದಲು ಹಣ್ಣಾದ ಶಾಲ್ಮಲಾ ಚಿತ್ರಕಲೆಯ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಹೋಗಿದ್ದಳು. ಶತಮಾನದ ಮೊದಲ ದಶಕಗಳಲ್ಲಿ ಲೋಕವೆಲ್ಲ ನೋಡಿದ ಕಾರ್ಟೂನುಗಳ ಚಿತ್ರಗಳನ್ನು ತೋರಿಸುತ್ತಿದ್ದಳು. ಒಂದೇ ಮುಖದ ಹೆಂಗಸರು, ಮುಷ್ಟಿಗೆ ಸಿಕ್ಕುವ ಸೊಂಟಗಳು, ನಗಿಸುವುದಕ್ಕೆಂದೇ ಬರೆದ ದಪ್ಪ ಮೈಗಳು. ವಿದ್ಯಾರ್ಥಿಗಳಿಗೆ ಬೆರಗೋ ಬೆರಗು. ವಸುಂಧರಾ ಎಂಬ ವಿದ್ಯಾರ್ಥಿನಿ ಎದ್ದು, ಆಗ ಒಡಲು ಇರಲಿಲ್ಲ ನಿಜ, ಆದರೆ ಇದು ಸರಿಯಿಲ್ಲವೆಂದು ಯಾರಿಗೂ ತಿಳಿಯಲಿಲ್ಲವೇ ಎಂದು ಕೇಳಿದಳು.

ತಿಳಿದಿತ್ತು ಎಂದು ಶಾಲ್ಮಲಾ ಹೇಳಿದಳು. ಆ ಕಾಲದ ಅಭಿಮಾನಿಗಳು ಬರೆದುಕೊಂಡ ಹರಟೆಗಳು ಇಂದಿಗೂ ಉಳಿದಿವೆ. ಎಲ್ಲವನ್ನೂ ಅವರು ಹೇಳಿದ್ದಾರೆ, ಹೆಸರಿಟ್ಟು ಹೇಳಿದ್ದಾರೆ, ನಗಿಸುತ್ತ ಹೇಳಿದ್ದಾರೆ, ನೊಂದು ಹೇಳಿದ್ದಾರೆ. ತಾನು ಆ ತಕರಾರುಗಾರರ ವಂಶದವಳು, ಹಾಗೆ ಹೇಳಿಕೊಳ್ಳಲು ತನಗೆ ಯಾವ ಬಿರುದಿಗಿಂತಲೂ ಹೆಮ್ಮೆ ಎಂದಳು. ಅವರಲ್ಲಿ ಒಬ್ಬಳು ಹುಡುಗಿ, ಊರು ಹೆಸರು ಏನೂ ಇಲ್ಲ, ಎರಡೇ ಸಾಲು ಬರೆದಿದ್ದಳು: ನನ್ನಂಥ ಮೂಗು ಇರುವವರು ಈ ಚಿತ್ರಗಳಲ್ಲಿ ಒಬ್ಬರೂ ಇಲ್ಲ; ಪಕ್ಕದಲ್ಲಿ ಕೂತವರಿಗೆ ಹೇಳಿದೆ.

ಪಕ್ಕದಲ್ಲಿ ಕೂತವರು ಏನಂದರು ಎಂದು ವಸುಂಧರಾ ಕೇಳಿದಳು.

ಅದು ಬರೆದಿಲ್ಲ ಎಂದಳು ಶಾಲ್ಮಲಾ. ಅವಳ ಮನಸ್ಸಿನಲ್ಲಿ ಆ ಎರಡು ಸಾಲಿನ ಹುಡುಗಿ ಇನ್ನೂ, ಪರದೆಯಿಂದ ಕಣ್ಣು ತೆಗೆದು, ಪಕ್ಕದವರ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದಳು.